ತಾತನ ಬಿ.ಪಿ., ನಮ್ಮೂರ ಫುಟ್‌ಬಾಲ್

ಗೊರಗುಂಟೆಪಾಳ್ಯದಿಂದ ಮಾತಾಡ್ತಾ ಇದೀನಿ. ಹಿಂದೆ ಸ್ವಲ್ಪ ಗಲಾಟೆ ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ನಮ್ಮ ಮನೆಯಿಂದ ತುಮಕೂರು ರಸ್ತೆ ಎರಡೇ ಕ್ರಾಸ್ ದೂರ, ಇಲ್ಲಿ ಲಾರಿಗಳಿಗೆ ಹಗಲು ರಾತ್ರಿ ಅನ್ನೋ ಭೇದ ಇಲ್ಲ. ಬೆಡ್‌ಶೀಟ್ ಹೊದ್ದುಕೊಂಡು ರೆಕಾರ್ಡ್ ಮಾಡಿದ್ರೂ ಒಂದೋ ಎರಡೋ ಹಾರ್ನ್ ಒಳಗೆ ಬಂದೇ ಬರುತ್ತೆ.

ಇವತ್ತಿನ ವಿಷಯ ಒಂದು ವಿಚಿತ್ರ ಕಾಯಿಲೆ. ಬಂದ್ರೆ ತೊಂಬತ್ತು ನಿಮಿಷ ಇರುತ್ತೆ, ಕೆಲವು ಸಲ ನೂರಿಪ್ಪತ್ತು. ಅಂಗೈ ಬೆವರುತ್ತೆ, ಹೊಟ್ಟೆ ತೊಳಸುತ್ತೆ, ಎದುರಿಗೆ ಇಟ್ಟ ಟೀ ಆರಿ ತಣ್ಣಗಾಗಿರುತ್ತೆ. ಪಕ್ಕದಲ್ಲಿ ಕೂತವರು ಏನಾದ್ರೂ ಕೇಳಿದ್ರೆ ಸಿಡುಕ್ತೀವಿ. ನಮ್ಮ ಫುಟ್‌ಬಾಲ್ ಟೀಮ್ ಆಡ್ತಾ ಇರುವಾಗ ಆಗೋ ಟೆನ್ಷನ್ ಬಗ್ಗೆ ಹೇಳ್ತಾ ಇದೀನಿ. ಆರ್‌ಸಿಬಿ ನೋಡಿದವರಿಗೆ ಇದೆಲ್ಲ ಹೊಸದಲ್ಲ, ಗೊತ್ತು. ಆದ್ರೆ ಫುಟ್‌ಬಾಲಲ್ಲಿ ಓವರ್ ಮುಗಿದು ಉಸಿರು ಬಿಡೋಕೆ ಅಂತ ಸಮಯ ಸಿಗಲ್ಲ. ಮತ್ತೆ ಈ ಕಾಯಿಲೆಗೆ ನಮ್ಮೂರಲ್ಲಿ ಒಂದು ದೊಡ್ಡ ಚರಿತ್ರೆ ಇದೆ. ಅದು ನನಗೆ ಗೊತ್ತಾಗಿದ್ದು ಒಂದು ಸೋಲಿನ ರಾತ್ರಿ.

2015ರ ಮೇ 31, ಭಾನುವಾರ. ನನ್ನ ಸೆಕೆಂಡ್ ಪಿಯುಸಿ ಆಗಷ್ಟೇ ಮುಗಿದಿತ್ತು, ಕಾಮರ್ಸ್. ದೊಡ್ಡಪ್ಪನ ಮಗ, ನಮ್ಮಣ್ಣ, ಎರಡು ಟಿಕೆಟ್ ತಂದಿದ್ದ. ಆಗ ನಮ್ಮ ಕಡೆಯಿಂದ ಮೆಟ್ರೋ ಹೋಗ್ತಿದ್ದದ್ದು ಸಂಪಿಗೆ ರಸ್ತೆವರೆಗೆ ಮಾತ್ರ. ಮೆಜೆಸ್ಟಿಕ್‌ವರೆಗೆ ಸುರಂಗದಲ್ಲಿ ರೈಲು ಓಡಿದ್ದು 2017ರಲ್ಲಿ. ಹಾಗಾಗಿ ಸಂಪಿಗೆ ರಸ್ತೆಯಲ್ಲಿ ಇಳಿದು, ಬಿಎಂಟಿಸಿ ಹತ್ತಿ, ಕಾರ್ಪೊರೇಷನ್ ಹತ್ರ ಇಳಿದು ನಡ್ಕೊಂಡು ಕಂಠೀರವ ಸ್ಟೇಡಿಯಂಗೆ ಹೋದ್ವಿ.

ಐ-ಲೀಗಿನ ಕೊನೆಯ ಪಂದ್ಯ. ಲೆಕ್ಕ ಬಹಳ ಸರಳ. ಗೆದ್ರೆ ಕಪ್ ಬೆಂಗಳೂರು ಎಫ್‌ಸಿಗೆ. ಡ್ರಾ ಆದ್ರೆ ಸಾಕು, ಕಪ್ ಮೋಹನ್ ಬಗಾನ್‌ಗೆ. ಮೊದಲಾರ್ಧದಲ್ಲೇ ನಮ್ಮ ಜಾನ್ ಜಾನ್ಸನ್ ಗೋಲು ಹೊಡೆದ. ಅಲ್ಲಿಂದ ಶುರುವಾಯ್ತು ನೋಡಿ. ಗೋಲು ಬರೋವರೆಗೆ ಆಸೆ ಇತ್ತು. ಬಂದ ಮೇಲೆ ಭಯ. ನಮ್ಮಣ್ಣ ಫೋನಲ್ಲಿ ಟೈಮ್ ನೋಡೋದು, ಜೇಬಿಗೆ ಹಾಕೋದು, ಮತ್ತೆ ತೆಗೆಯೋದು. ನನ್ನ ಮುಂದೆ ಕೂತಿದ್ದವರೊಬ್ಬರು ಪಿಚ್‌ಗೆ ಬೆನ್ನು ಹಾಕಿ ನಿಂತುಬಿಟ್ಟಿದ್ರು. ದುಡ್ಡು ಕೊಟ್ಟು ಬಂದು, ಪಂದ್ಯ ನೋಡೋಕೆ ಆಗದೆ, ನಮ್ಮ ಮುಖ ನೋಡ್ಕೊಂಡು ಪಂದ್ಯ ಏನಾಗ್ತಿದೆ ಅಂತ ತಿಳ್ಕೋತಾ ಇದ್ರು.

87ನೇ ನಿಮಿಷ. ಬಗಾನಿನ ಬೆಲ್ಲೊ ರಜಾಕ್ ತಲೆ ಕೊಟ್ಟ. 1-1. ಎದುರಿಗೆ ನಿಂತವರಿಗೆ ನಮ್ಮ ಮುಖ ನೋಡಿಯೇ ಗೊತ್ತಾಗಿತ್ತು, ತಿರುಗಲೇ ಇಲ್ಲ.

ಮನೆಗೆ ಬಂದಾಗ ತಾತ ಎಚ್ಚರವಾಗಿದ್ರು. ನನ್ನ ತಾತ ಹುಟ್ಟಿದ್ದು 1947ರಲ್ಲಿ, ಬೆಳೆದದ್ದು ಆಸ್ಟಿನ್ ಟೌನಲ್ಲಿ. ಜಾಲಹಳ್ಳಿಯ ಎಚ್‌ಎಂಟಿ ವಾಚ್ ಫ್ಯಾಕ್ಟರಿಯಲ್ಲಿ ಕೆಲಸ ಸಿಕ್ಕಿದ ಮೇಲೆ ಈ ಕಡೆ ಬಂದವರು. ಸೋತ್ವಿ ಅಂತ ನಾನು ಹೇಳೋ ಮುಂಚೆನೇ ಕೇಳಿದ್ರು, "ಎಷ್ಟನೇ ನಿಮಿಷ?"

"ಎಂಬತ್ತೇಳು, ತಾತ."

"ಫ್ರಾನ್ಸ್‌ನೋರು ಎಂಬತ್ತೊಂಬತ್ತರಲ್ಲಿ ಹೊಡೆದ್ರಂತೆ ಕಣಮ್ಮ. ನಮ್ಮಪ್ಪ ಸಾಯೋವರೆಗೂ ಹೇಳ್ತಾನೇ ಇದ್ರು. ಹೋಗು, ಕೈಕಾಲು ತೊಳ್ಕೊಂಡು ಊಟ ಮಾಡು."

ಯಾವ ಫ್ರಾನ್ಸ್? ನನಗೆ ಆಗ ಗೊತ್ತಿದ್ದದ್ದು ಜಿದಾನ್ ಇದ್ದ ಫ್ರಾನ್ಸ್ ಒಂದೇ. ತಾತ ಹೇಳಿದ್ದು 1948ರ ಲಂಡನ್ ಒಲಿಂಪಿಕ್ಸ್. ಜುಲೈ 31, ಲಂಡನ್ನಿನ ಇಲ್ಫರ್ಡ್. ಸ್ವಾತಂತ್ರ್ಯ ಬಂದು ಒಂದು ವರ್ಷ ಕೂಡ ಆಗಿರಲಿಲ್ಲ. ಭಾರತದ ಟೀಮಲ್ಲಿ ಬಹಳಷ್ಟು ಜನ ಬರಿಗಾಲಲ್ಲಿ ಆಡಿದ್ರು. ಫ್ರಾನ್ಸ್ ಮೊದಲು ಒಂದು ಗೋಲು ಹೊಡೀತು. ಎರಡನೇ ಅರ್ಧದಲ್ಲಿ ಅದನ್ನ ಸಮ ಮಾಡಿದವರು ಸಾರಂಗಪಾಣಿ ರಾಮನ್. ಬೆಂಗಳೂರಿನವರು! ಸ್ವತಂತ್ರ ಭಾರತದ ಮೊದಲ ಗೋಲು ನಮ್ಮೂರ ಕಾಲಿಂದ ಹೋಗಿದೆ. ಅದೇ ಪಂದ್ಯದಲ್ಲಿ ನಮಗೆ ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡೂ ಹೋಯ್ತು. ಕೊನೆಗೆ 89ನೇ ನಿಮಿಷದಲ್ಲಿ ಫ್ರಾನ್ಸ್ ಇನ್ನೊಂದು ಹೊಡೀತು. 2-1.

ಆ ಟೀಮಲ್ಲಿ ರಾಮನ್ ಒಬ್ಬರೇ ಅಲ್ಲ, ಅಹ್ಮದ್ ಖಾನ್, ಧನರಾಜ್ ಕೂಡ ಇದ್ರು, ಅವರೂ ಬೆಂಗಳೂರಿನವರೇ. ಈಗ ಯೋಚನೆ ಮಾಡಿ. ಆಸ್ಟಿನ್ ಟೌನಲ್ಲೋ ಹಲಸೂರಿನ ಗೌತಮಪುರದಲ್ಲೋ ಇರೋ ಒಬ್ಬ ಫುಟ್‌ಬಾಲ್ ಹುಚ್ಚನಿಗೆ ಈ ಸುದ್ದಿ ಹೇಗೆ ಸಿಕ್ಕಿರಬಹುದು? ಪೇಪರಲ್ಲಿ, ಪಂದ್ಯ ಮುಗಿದ ಮೇಲೆ. ನಮ್ಮ ಹಾಗೆ 87, 88, 89 ಅಂತ ಎಣಿಸೋ ಸಂಕಟ ಅವರಿಗೆ ಇರಲಿಲ್ಲ. ನಾಲ್ಕು ಸಾಲಿನ ಸುದ್ದಿಯಲ್ಲಿ ಆಸೆ, ಗೋಲು, ಪೆನಾಲ್ಟಿ, ಸೋಲು ಎಲ್ಲ ಒಟ್ಟಿಗೇ ಬಂದು ಎದೆ ಮೇಲೆ ಬಿದ್ದಿರುತ್ತೆ. ಯಾವುದು ವಾಸಿ ಅಂತ ನಾನು ಇನ್ನೂ ತೀರ್ಮಾನ ಮಾಡಿಲ್ಲ.

ಗೌತಮಪುರ ಅಂದೆ. ಅಲ್ಲಿಗೆ ಹೋಗಿಲ್ಲ ಅಂದ್ರೆ ಒಂದ್ಸಲ ಹೋಗಿ. ಅಂಬೇಡ್ಕರ್, ಬುದ್ಧ, ಮದರ್ ತೆರೇಸಾ ಪ್ರತಿಮೆಗಳ ಜೊತೆ ಅಲ್ಲಿ ಪೆಲೆ ನಿಂತಿದ್ದಾರೆ. ಹೌದು, ಬ್ರೆಜಿಲ್ಲಿನ ಪೆಲೆ. ದಂಡು ಪ್ರದೇಶಕ್ಕೆ ಬ್ರಿಟಿಷ್ ಸೈನಿಕರ ಜೊತೆ ಬಂದ ಆಟ, ಸುತ್ತಲಿನ ಬಡವರ ಬೀದಿಗಳಲ್ಲಿ ಬೇರು ಬಿಟ್ಟಿದ್ದು ಹಾಗೆ.

ಆ ಬೇರು ಎಷ್ಟು ಗಟ್ಟಿ ಅನ್ನೋಕೆ ಒಂದು ಹೆಸರು ಸಾಕು, ಬೆಂಗಳೂರು ಮುಸ್ಲಿಮ್ಸ್. ಮುಂಬೈಯ ರೋವರ್ಸ್ ಕಪ್ಪನ್ನ ದಶಕಗಟ್ಟಲೆ ಬ್ರಿಟಿಷ್ ಪಲ್ಟನ್‌ಗಳೇ ಗೆಲ್ತಾ ಇದ್ವು. 1937ರಲ್ಲಿ ಅದನ್ನ ಗೆದ್ದ ಮೊದಲ ಭಾರತೀಯ ತಂಡ ನಮ್ಮೂರಿನ ಬೆಂಗಳೂರು ಮುಸ್ಲಿಮ್ಸ್. ಮರುವರ್ಷ ಮತ್ತೆ ಗೆದ್ರು. ನಾನು ಪಿಯುಸಿ ಮುಗಿಸೋವರೆಗೂ ಈ ಹೆಸರು ನನ್ನ ಕಿವಿಗೆ ಬಿದ್ದಿರಲಿಲ್ಲ. ಆರ್ಸೆನಲ್‌ನ 2004ರ ಟೀಮ್ ಮಾತ್ರ ಬಾಯಿಪಾಠ ಇತ್ತು.

ಆಮೇಲೆ ಸಂತೋಷ್ ಟ್ರೋಫಿ. ರಾಜ್ಯಗಳ ನಡುವೆ ನಡೆಯೋ ಈ ಟೂರ್ನಿ ಈಗ ಯಾರಿಗೂ ಅಷ್ಟು ಬೇಕಿಲ್ಲ, ಆಗ ಅದೇ ದೊಡ್ಡದು. ನಮ್ಮ ರಾಜ್ಯ ಮೈಸೂರು ಅಂತ ಕರೆಸಿಕೊಳ್ತಿದ್ದ ಕಾಲದಲ್ಲಿ ನಾಲ್ಕು ಸಲ ಗೆದ್ದಿದೆ: 1946-47, 1952-53, 1967-68, 1968-69. ನಾಲ್ಕೂ ಸಲ ಫೈನಲಲ್ಲಿ ಎದುರಿಗಿದ್ದದ್ದು ಬಂಗಾಳ. ಫುಟ್‌ಬಾಲ್ ಅಂದ್ರೆ ನಾವೇ ಅನ್ನೋ ಬಂಗಾಳ.

1968-69ರದ್ದು ನಡೆದಿದ್ದು ಬೆಂಗಳೂರಲ್ಲೇ. ತಾತನಿಗೆ ಆಗ ಇಪ್ಪತ್ತೊಂದು. "ನೋಡಿದ್ರಾ?" ಅಂತ ಕೇಳಿದೆ.

"ಎಲ್ಲಿ ನೋಡೋದು? ಒಳಗೆ ಹೋಗೋಕೆ ದುಡ್ಡಿರಲಿಲ್ಲ. ನಾನು, ನಮ್ಮ ಬೀದಿ ಹುಡುಗ್ರು ಇಬ್ಬರು, ಆಚೆ ರೋಡಲ್ಲಿ ನಿಂತು ಕೇಳಿಸ್ಕೊಂಡ್ವಿ. ಬರೀ ಜನ ಕೂಗೋದೇ. ಸ್ವಲ್ಪ ಹೊತ್ತಿಗೆ ಅರ್ಥ ಆಗೋಕೆ ಶುರುವಾಗತ್ತೆ. ಬಾಲು ನಮ್ಮ ಕಡೆ ಬಂದ್ರೆ ಒಂಥರಾ ಸದ್ದು, ಅವರ ಗೋಲ್ ಹತ್ರ ಹೋದ್ರೆ ಒಂಥರಾ. ಗೋಲ್ ಆದಾಗ..." ಅಂದವರು ಮುಂದೆ ಹೇಳಲಿಲ್ಲ. ಎರಡೂ ಕೈ ಮೇಲೆತ್ತಿ ಬಿಟ್ರು.

ಕಣ್ಣಿಗೆ ಕಾಣದ ಪಂದ್ಯಕ್ಕೆ ಅಷ್ಟು ಟೆನ್ಷನ್. ಅವರು ಹೇಳೋ ಪ್ರಕಾರ, ಆ ದಿನ ಅವರ ಪಕ್ಕದಲ್ಲಿ ಒಬ್ಬ ಕಡಲೆಕಾಯಿ ಮಾರೋನು ಇದ್ದನಂತೆ, ತಕ್ಕಡಿ ಕೈಯಲ್ಲಿ ಹಿಡಿದು ಅಳೆಯೋದೇ ಮರೆತು ನಿಂತುಬಿಟ್ಟಿದ್ದನಂತೆ.

ಅದಾದ ಮೇಲೆ ನಮ್ಮ ರಾಜ್ಯ ಆ ಟ್ರೋಫಿ ಮುಟ್ಟಲಿಲ್ಲ. 1973ರಲ್ಲಿ ಮೈಸೂರು ಹೋಗಿ ಕರ್ನಾಟಕ ಆಯ್ತು, ಹೊಸ ಹೆಸರಲ್ಲಿ ಒಂದೂ ಇಲ್ಲ. ಐಟಿಐ, ಎಚ್‌ಎಎಲ್‌ನಂಥ ಕಾರ್ಖಾನೆ ಟೀಮುಗಳು ಆಟವನ್ನ ಜೀವಂತ ಇಟ್ಟವು. ಎಚ್‌ಎಎಲ್ 2010ರಿಂದ 2012ರವರೆಗೆ ಐ-ಲೀಗಲ್ಲೇ ಆಡಿತು. ನೋಡೋಕೆ ಹೋಗ್ತಿದ್ದವರು ಬೆರಳೆಣಿಕೆಯಷ್ಟು. ನಮ್ಮಪ್ಪನ ತಲೆಮಾರು ಪೂರ್ತಿ ಕ್ರಿಕೆಟ್‌ಗೆ ಹೋಗಿತ್ತು, 1983 ಆದ ಮೇಲೆ ಹೋಗದೆ ಇರ್ತಾರಾ? ಫುಟ್‌ಬಾಲ್ ಬೇಕು ಅನ್ನೋರಿಗೆ 1986ರಲ್ಲಿ ದೂರದರ್ಶನ ಮರಡೋನಾನ ತಂದುಕೊಟ್ಟಿತು. ಆಮೇಲೆ ಕೇಬಲ್ಲು, ಇಂಗ್ಲೆಂಡಿನ ಕ್ಲಬ್ಬುಗಳು. ಅರ್ಜೆಂಟೀನಾ ಸೋತ್ರೆ ಗೌತಮಪುರದಲ್ಲಿ ಒಲೆ ಹಚ್ಚದ ಮನೆಗಳು ಇರ್ತಿದ್ವು ಅಂತ ತಾತ ಉತ್ಪ್ರೇಕ್ಷೆ ಮಾಡ್ತಾರೆ.

ನನಗನ್ನಿಸೋದು ಇಷ್ಟು. ಆ ನಲವತ್ತು ಚಿಲ್ಲರೆ ವರ್ಷ ಈ ಊರಿಗೆ ಫುಟ್‌ಬಾಲಿನ ಟೆನ್ಷನ್ ಇರಲಿಲ್ಲ ಅಂತಲ್ಲ. ಇದ್ದದ್ದು ಬಾಡಿಗೆ ಟೆನ್ಷನ್. ಮ್ಯಾಂಚೆಸ್ಟರ್ ಸೋತ್ರೆ ಬೇಜಾರಾಗುತ್ತೆ, ನಿಜ. ಆದ್ರೆ ಮ್ಯಾಂಚೆಸ್ಟರಲ್ಲಿ ಮಳೆ ಬಂದ್ರೆ ನಮ್ಮ ಮನೆ ಬಟ್ಟೆ ಒದ್ದೆಯಾಗಲ್ಲ. ಗೆದ್ರೂ ಆಚೆ ಬೀದಿಗೆ ಬಂದು ನೋಡಿದ್ರೆ ಎಲ್ಲರೂ ಮಲಗಿರ್ತಾರೆ. 2013ರಲ್ಲಿ ಬೆಂಗಳೂರು ಎಫ್‌ಸಿ ಶುರುವಾಗಿ, ಮೊದಲ ಸೀಸನ್ನಲ್ಲೇ ಐ-ಲೀಗ್ ಗೆದ್ದಾಗ ಈ ಊರಿಗೆ ವಾಪಸ್ ಸಿಕ್ಕಿದ್ದು ಕಪ್ ಒಂದೇ ಅಲ್ಲ. ಸ್ವಂತ ಸಂಕಟವೂ ಸಿಕ್ತು. ಕಂಠೀರವದ ವೆಸ್ಟ್ ಬ್ಲಾಕಲ್ಲಿ ತೊಂಬತ್ತು ನಿಮಿಷವೂ ನಿಂತೇ ಹಾಡೋ ವೆಸ್ಟ್ ಬ್ಲಾಕ್ ಬ್ಲೂಸ್ ಹುಡುಗ ಹುಡುಗಿಯರ ಗಂಟಲು ಪಂದ್ಯದ ಮರುದಿನ ಕೇಳಿಸ್ಕೊಳ್ಳಿ, ಗೊತ್ತಾಗುತ್ತೆ.

2016ರ ಅಕ್ಟೋಬರ್ 19. ಎಎಫ್‌ಸಿ ಕಪ್ ಸೆಮಿಫೈನಲ್, ಎದುರಿಗೆ ಮಲೇಷ್ಯಾದ ಜೊಹೋರ್. ಹಿಂದಿನ ವರ್ಷ ಕಪ್ ಗೆದ್ದಿದ್ದೇ ಅವರು. 3-1ರಲ್ಲಿ ಗೆದ್ವಿ, ಸುನಿಲ್ ಛೆಟ್ರಿ ಎರಡು ಗೋಲು. ಈ ಟೂರ್ನಿಯ ಫೈನಲ್ ತಲುಪಿದ ಮೊದಲ ಭಾರತೀಯ ಕ್ಲಬ್ ನಮ್ಮದು. ನವೆಂಬರ್ 5ಕ್ಕೆ ದೋಹಾದಲ್ಲಿ ಇರಾಕಿನ ಅಲ್-ಕುವಾ ಅಲ್-ಜವಿಯಾ ವಿರುದ್ಧ 0-1 ಸೋಲು. ಮೂರು ದಿನ ಬಿಟ್ಟು ನೋಟು ರದ್ದಾಯ್ತು. ಬಿ.ಕಾಂ ಎರಡನೇ ವರ್ಷದಲ್ಲಿದ್ದ ನನಗೆ ಆ ವಾರ ಯಾವುದಕ್ಕೆ ಎಷ್ಟು ಬೇಜಾರಾಯ್ತು ಅಂತ ಬಿಡಿಸಿ ಹೇಳೋಕೆ ಈಗಲೂ ಆಗಲ್ಲ.

ಮರುವರ್ಷ ತಾತನಿಗೆ ಎದೆನೋವು ಬಂತು. ಆಂಜಿಯೋಪ್ಲಾಸ್ಟಿ, ಎರಡು ಸ್ಟೆಂಟ್. ಡಾಕ್ಟ್ರು ಉಪ್ಪು ಕಡಿಮೆ ಮಾಡಿ, ನಡೀರಿ, ಟೆನ್ಷನ್ ಮಾಡ್ಕೋಬೇಡಿ ಅಂದ್ರು. ಅಜ್ಜಿ ಉಪ್ಪಿನ ಮಾತು ಬಿಟ್ಟು ಮೂರನೆಯದನ್ನ ಹಿಡ್ಕೊಂಡ್ರು. ಮನೆಯಲ್ಲಿ ಫುಟ್‌ಬಾಲ್ ಬಂದ್!

ನಾನು ಜಗಳ ಆಡಿದೆ. ಆಟ ನೋಡಿದ್ರೆ ಯಾರಿಗಾದ್ರೂ ಏನಾದ್ರೂ ಆಗುತ್ತಾ ಅಂತ. ಸಾಬೀತು ಮಾಡೋಣ ಅಂತ ಹುಡುಕೋಕೆ ಹೋದವಳಿಗೆ ಸಿಕ್ಕಿದ್ದು ಅಜ್ಜಿಯ ಪರವಾದ ಸಾಕ್ಷಿ. 2006ರ ವಿಶ್ವಕಪ್ ಜರ್ಮನಿಯಲ್ಲಿ ನಡೀತಲ್ಲ, ಆಗ ಮ್ಯೂನಿಕ್ ಸುತ್ತಮುತ್ತ ವೈದ್ಯರು ಲೆಕ್ಕ ಇಟ್ಟಿದ್ರು. ಜರ್ಮನಿ ಆಡಿದ ದಿನ ಹೃದಯದ ತೊಂದರೆಯಿಂದ ತುರ್ತು ಚಿಕಿತ್ಸೆಗೆ ಬಂದವರು ಮಾಮೂಲಿ ದಿನಕ್ಕಿಂತ 2.66 ಪಟ್ಟು. ಗಂಡಸರಲ್ಲಿ ಮೂರು ಪಟ್ಟಿಗೂ ಜಾಸ್ತಿ. ಅದರಲ್ಲೂ ಪಂದ್ಯ ಶುರುವಾದ ಮೊದಲ ಎರಡು ಗಂಟೆಯೊಳಗೆ ಹೆಚ್ಚು. ಮೊದಲೇ ಹೃದಯದ ಕಾಯಿಲೆ ಇದ್ದವರಿಗೆ ಅಪಾಯ ಇನ್ನೂ ಜಾಸ್ತಿ. 2008ರಲ್ಲಿ ಅಮೆರಿಕದ ಹೆಸರಾಂತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಗಿದೆ.

ಸುಮ್ಮನಾದೆ. ಆದ್ರೆ ಯೋಚನೆ ಬಿಡಲಿಲ್ಲ. ಛೆಟ್ರಿಗೂ ಟೆನ್ಷನ್ ಇರುತ್ತೆ, ಆದ್ರೆ ಅವನದ್ದು ಓಡಿ ಕರಗುತ್ತೆ. ನಮ್ಮ ಟೆನ್ಷನ್‌ಗೆ ಹೋಗೋಕೆ ದಾರಿ ಇಲ್ಲ. ಕುರ್ಚಿಯಲ್ಲಿ ಕೂತ ಮೈಯೊಳಗೆ ಅದು ಸುತ್ತಾ ಇರುತ್ತೆ. ಅದಕ್ಕೇ ನಾವು ಏನೇನೋ ಮಾಡೋದು. ಅದೇ ಜರ್ಸಿ ಒಗೆಯದೆ ಹಾಕ್ಕೊಳ್ಳೋದು, ಗೋಲ್ ಬಂದಾಗ ಯಾರು ಎಲ್ಲಿ ಕೂತಿದ್ರೋ ಅಲ್ಲೇ ಕೂರಿಸೋದು. ನಮ್ಮ ಕೈಯಲ್ಲಿ ಏನೂ ಇಲ್ಲ ಅಂತ ಒಪ್ಕೊಳ್ಳೋಕೆ ಆಗದೆ ಮಾಡೋ ಕೆಲಸ ಅದು.

2018ರ ಮಾರ್ಚ್ 17. ಐಎಸ್‌ಎಲ್‌ಗೆ ಬಂದ ಮೊದಲ ವರ್ಷ, ಲೀಗಲ್ಲಿ 40 ಪಾಯಿಂಟ್ ತೆಗೆದು ಎಲ್ಲರಿಗಿಂತ ಮೇಲೆ. ಎರಡನೇ ಸ್ಥಾನದ ಚೆನ್ನೈಯಿನ್ ಎಂಟು ಪಾಯಿಂಟ್ ಹಿಂದೆ. ಫೈನಲ್ ಅದೇ ಚೆನ್ನೈಯಿನ್ ಜೊತೆ, ನಮ್ಮ ಕಂಠೀರವದಲ್ಲೇ. ಒಂಬತ್ತನೇ ನಿಮಿಷಕ್ಕೆ ಛೆಟ್ರಿ ಗೋಲು. ಇಷ್ಟು ಸುಲಭವಾ ಅಂತ ಅನ್ನಿಸ್ತು ನೋಡಿ, ಅಲ್ಲೇ ತಪ್ಪಾಗಿದ್ದು. ಮೈಲ್ಸನ್ ಎರಡು ಹೆಡರ್, ಆಮೇಲೆ ಅಗಸ್ಟೊ. ಕೊನೆಯಲ್ಲಿ ಮಿಕು ಒಂದು ವಾಪಸ್ ಕೊಟ್ಟ, ಆಸೆ ಹುಟ್ಟಿಸಿ ಕೊಲ್ಲೋಕೆ. 2-3. ಮರುದಿನ ಯುಗಾದಿ. ನಮ್ಮ ಮನೆಯಲ್ಲಿ ಬೆಲ್ಲ ಯಾರ ನಾಲಿಗೆಗೂ ತಾಗಲಿಲ್ಲ. ತಾತ ಪಂದ್ಯ ನೋಡಿರಲಿಲ್ಲ, ಆದ್ರೂ ಬಿ.ಪಿ. 160/100. ನೋಡದೇ ಇದ್ರೂ ಏರುತ್ತೆ ಅಂತ ಅಜ್ಜಿಗೆ ಗೊತ್ತಾಯ್ತು.

ಸರಿಯಾಗಿ ಒಂದು ವರ್ಷ. 2019ರ ಮಾರ್ಚ್ 17, ಫೈನಲ್ ಮುಂಬೈಯಲ್ಲಿ, ಎಫ್‌ಸಿ ಗೋವಾ ಎದುರು. ಒಪ್ಪಂದ ಹೀಗಾಯ್ತು: ನಾನು ನಮ್ಮಣ್ಣ ಒಳಗೆ ಟಿ.ವಿ. ನೋಡೋದು, ತಾತ ಗೇಟಿನ ಆಚೆ ಕುರ್ಚಿ ಹಾಕ್ಕೊಂಡು ಕೂರೋದು, ಗೋಲಾದ್ರೆ ಮಾತ್ರ ಹೇಳೋದು. ತೊಂಬತ್ತು ನಿಮಿಷ ಆಯ್ತು, 0-0. ಎಕ್ಸ್‌ಟ್ರಾ ಟೈಮ್. ಪೆನಾಲ್ಟಿಗೇ ಹೋಗುತ್ತೆ ಅನ್ನುವಾಗ, 117ನೇ ನಿಮಿಷ, ಡಿಮಾಸ್ ಕಾರ್ನರ್, ರಾಹುಲ್ ಭೆಕೆ ತಲೆ. ನಾನು ಕಿರುಚಿ ಬಾಗಿಲಿಗೆ ಓಡಿದ್ರೆ, ತಾತ ಆಗಲೇ ಎದ್ದು ನಿಂತಿದ್ರು, ಎರಡೂ ಕೈ ಮೇಲೆ.

"ಯಾರು ಹೇಳಿದ್ರು ತಾತ?"

"ನೀನೇ. ಅದು ಸೋತ ಕೂಗಲ್ಲ."

2023ರ ಮಾರ್ಚ್ 3 ನಿಮಗೆ ನೆನಪಿರುತ್ತೆ. ಕಂಠೀರವದಲ್ಲಿ ಕೇರಳ ಬ್ಲಾಸ್ಟರ್ಸ್ ಜೊತೆ ಪ್ಲೇಆಫ್. ಎಕ್ಸ್‌ಟ್ರಾ ಟೈಮಲ್ಲಿ ಅವರ ಗೋಡೆ, ಗೋಲ್‌ಕೀಪರ್ ಸಿದ್ಧ ಆಗೋ ಮೊದಲೇ ಛೆಟ್ರಿ ಫ್ರೀಕಿಕ್ ಹೊಡೆದ, ರೆಫರಿ ಗೋಲು ಕೊಟ್ರು, ಬ್ಲಾಸ್ಟರ್ಸ್ ಕೋಚ್ ತನ್ನ ಆಟಗಾರರನ್ನ ಕರ್ಕೊಂಡು ಮೈದಾನ ಬಿಟ್ಟು ಹೊರಟ್ರು. ನಾನು ಸ್ಟ್ಯಾಂಡಲ್ಲಿದ್ದೆ. ಗೆದ್ವಾ, ಸೋತ್ವಾ, ಮತ್ತೆ ಆಡಿಸ್ತಾರಾ, ಏನೂ ಗೊತ್ತಿಲ್ಲ. ಆಮೇಲೆ ಗೆಲುವು ನಮಗೇ ಬಂತು. ದೇಶವೆಲ್ಲ ಅದೇ ಮಾತು. ನನ್ನ ಫೋನಿಗೆ ಮರುದಿನ ಮಧ್ಯಾಹ್ನದವರೆಗೂ ಪುರುಸೊತ್ತಿರಲಿಲ್ಲ.

ಮರುದಿನ ಅಂದ್ರೆ ಮಾರ್ಚ್ 4. ಸೌದಿಯ ರಿಯಾದ್, ಕಿಂಗ್ ಫಹದ್ ಸ್ಟೇಡಿಯಂ. ಸಂತೋಷ್ ಟ್ರೋಫಿ ಫೈನಲ್, ಕರ್ನಾಟಕಕ್ಕೆ ಎದುರು ಮೇಘಾಲಯ. ನನಗೆ ನಿಜವಾಗ್ಲೂ ನೆನಪಿರಲಿಲ್ಲ. ತಾತ ಬಂದು, "ಆ ಫೋನಲ್ಲಿ ರಿಯಾದ್ ಬರುತ್ತಾ ನೋಡು" ಅಂದ್ರು.

ಹಾಕಿಕೊಟ್ಟೆ. ಇಷ್ಟು ದೊಡ್ಡ ಸ್ಟೇಡಿಯಂ, ಅಷ್ಟು ಖಾಲಿ ಸೀಟು. ಶುರುವಾದ ಕೂಡಲೇ ಸುನಿಲ್ ಕುಮಾರ್ ಗೋಲು, ಅವರಿಗೆ ಪೆನಾಲ್ಟಿ, 1-1. ಬೇಕೆ ಓರಂ ಒಂದು. ಮೊದಲಾರ್ಧ ಮುಗಿಯೋ ಹೊತ್ತಿಗೆ ರಾಬಿನ್ ಯಾದವ್ ಫ್ರೀಕಿಕ್, ನೇರ ಒಳಗೆ. ಎರಡನೇ ಅರ್ಧದಲ್ಲಿ ಮೇಘಾಲಯ ಇನ್ನೊಂದು ಹೊಡೀತು, 3-2. ಅಲ್ಲಿಂದ ತಾತ ಮಾತಾಡಲಿಲ್ಲ. ಅಜ್ಜಿ ಅಡುಗೆಮನೆಯಿಂದ ಬಂದು ಬಿ.ಪಿ. ಮಷೀನಿನ ಪಟ್ಟಿ ಅವರ ತೋಳಿಗೆ ಸುತ್ತಿ, ಬಟನ್ ಒತ್ತದೆ, ಪಕ್ಕದಲ್ಲೇ ಕೂತ್ಕೊಂಡ್ರು. ಎಂಬತ್ತೇಳನೇ ನಿಮಿಷ ಬಂದಾಗ ನಾನೂ ಫೋನ್ ಕಡೆ ನೋಡಲಿಲ್ಲ. ಎಂಬತ್ತೊಂಬತ್ತು. ತೊಂಬತ್ತು. ಸೀಟಿ.

54 ವರ್ಷ ಆದ ಮೇಲೆ, ಕರ್ನಾಟಕ ಅನ್ನೋ ಹೆಸರಲ್ಲಿ ಮೊದಲನೇ ಸಲ. ಬಾಗಿಲು ತೆಗೆದು ಆಚೆ ನೋಡಿದೆ. ನಮ್ಮ ಬೀದಿಯಲ್ಲಿ ಯಾರೂ ಕೂಗಲಿಲ್ಲ, ಒಂದು ಪಟಾಕಿ ಇಲ್ಲ. ತಾತನಿಗೆ ಅದರಿಂದ ಏನೂ ಬೇಜಾರಿದ್ದ ಹಾಗೆ ಕಾಣಲಿಲ್ಲ. "ಅವತ್ತು ನನ್ನ ಜೊತೆ ನಿಂತಿದ್ದವರಲ್ಲಿ ಒಬ್ಬನಿಗೆ ಫೋನ್ ಹಾಕು" ಅಂದ್ರು. ನಂಬರ್ ಅವರ ಹಳೇ ಡೈರಿಯಲ್ಲಿತ್ತು. ಆ ಕಡೆ ರಿಂಗ್ ಆಯ್ತು, ಮಗ ಎತ್ತಿದ. ಅವರು ಕೋವಿಡ್ ಟೈಮಲ್ಲೇ ಹೋಗ್ಬಿಟ್ಟಿದ್ರಂತೆ. ತಾತ ಆ ಮಗನಿಗೇ ಸ್ಕೋರ್ ಹೇಳಿ, ಯಾರ್ಯಾರು ಗೋಲು ಹೊಡೆದ್ರು ಅಂತಲೂ ಹೇಳಿ ಫೋನ್ ಇಟ್ರು.

ಆಮೇಲಿನದ್ದು ನೀವೇ ನೋಡಿದೀರಿ. ಅದೇ ತಿಂಗಳು ಐಎಸ್‌ಎಲ್ ಫೈನಲಲ್ಲಿ ಪೆನಾಲ್ಟಿಯಲ್ಲಿ ಸೋಲು. 2025ರ ಏಪ್ರಿಲಲ್ಲಿ ಗೋವಾದಲ್ಲಿ ಸೆಮಿಫೈನಲ್, ಎಕ್ಸ್‌ಟ್ರಾ ಟೈಮ್ ಇನ್ನೇನು ಬಂತು ಅನ್ನುವಾಗ ನಲವತ್ತು ವರ್ಷದ ಛೆಟ್ರಿ ಹೆಡರ್. ಒಂದು ವಾರಕ್ಕೆ ಕೋಲ್ಕತ್ತದ ಫೈನಲ್, ಮತ್ತೆ ಅದೇ ಮೋಹನ್ ಬಗಾನ್, ಮತ್ತೆ ನಾವೇ ಮುಂದಿದ್ದು, ಕೊನೆಗೆ 1-2. ಕಾಮರ್ಸಲ್ಲಿ ನಮಗೆ ಕಲಿಸಿದ್ರು, ಹಾಕಿ ಮುಳುಗಿದ ದುಡ್ಡನ್ನ ಮುಂದಿನ ನಿರ್ಧಾರದ ಲೆಕ್ಕಕ್ಕೆ ತಗೋಬಾರದು ಅಂತ. ನಾನು ಆ ಪೇಪರಲ್ಲಿ ಒಳ್ಳೆ ಮಾರ್ಕ್ಸ್ ತೆಗೆದಿದ್ದೆ.

2025ರ ಜುಲೈಯಲ್ಲಿ ಐಎಸ್‌ಎಲ್‌ನ ಹೊಸ ಸೀಸನ್ನನ್ನೇ ತಡೆಹಿಡಿದ್ರು. ಲೀಗ್ ನಡೆಸೋರಿಗೂ ಫೆಡರೇಷನ್‌ಗೂ ಇದ್ದ ಒಪ್ಪಂದ ಡಿಸೆಂಬರ್‌ಗೆ ಮುಗಿಯೋದಿತ್ತು, ಮುಂದೇನು ಅನ್ನೋದು ತೀರ್ಮಾನ ಆಗಿರಲಿಲ್ಲ. ಆಗಸ್ಟ್ ಮೊದಲ ವಾರದಲ್ಲಿ ಬೆಂಗಳೂರು ಎಫ್‌ಸಿ ತನ್ನ ಮುಖ್ಯ ತಂಡದ ಆಟಗಾರರ, ಸಿಬ್ಬಂದಿಯ ಸಂಬಳ ನಿಲ್ಲಿಸ್ತಾ ಇದೀವಿ ಅಂತ ಹೇಳಿತು. ಯಾವ ದಿನ ಪಂದ್ಯ ಅಂತ ಕ್ಯಾಲೆಂಡರಲ್ಲಿ ಗುರುತು ಹಾಕೋಕೆ ಏನೂ ಇರಲಿಲ್ಲ.

ಆ ಆಗಸ್ಟ್ ಕೊನೆಯ ವಾರ ಒಂದು ಬೆಳಿಗ್ಗೆ ತಾತನ ಬಿ.ಪಿ. ನೋಡಿದೆ. 122/78. ಅಜ್ಜಿಗೆ ಖುಷಿ. ತಾತ ಮಷೀನ್ ಕಡೆ ಒಂದ್ಸಲ ನೋಡಿ, ಪಟ್ಟಿ ಬಿಚ್ಚಿಕೊಂಡು, "ಸೆಲ್ ಹೋಗಿರಬೇಕು, ಬದಲಾಯಿಸು" ಅಂದ್ರು.